ಬಿರಾದಾರ ಕಾಕಾ ಬರೆದುಕೊಟ್ಟ ಕಾಗದ

ಕಚ್ಚಿದ ನಾಯಿಯನ್ನು ದಿನಾ ಬೆಳಿಗ್ಗೆ ಸರಿಯಾಗಿ ಏಳು ಗಂಟೆಗೆ, ಕಚ್ಚಿಸಿಕೊಂಡವಳ ಗೇಟಿಗೆ ತಂದು ಹಾಜರಿ ಹಾಕಿಸಿದವರು ಬಿರಾದಾರ ಕಾಕಾ. ಕಚ್ಚಿಸಿಕೊಂಡವಳು ನಾನು.

ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ಅವರದು ನಮ್ಮಿಂದ ನಾಲ್ಕನೆಯ ಮನೆ. ಬಿಜಾಪುರ ಕಡೆಯವರು. ಅಪ್ಪನ ಕಾರ್ಖಾನೆಯಲ್ಲೇ ಟೈಮ್ ಆಫೀಸಿನಲ್ಲಿದ್ದರು. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರೆಂದು ವರ್ಷಗಟ್ಟಲೆ ನೋಡಿ ನೋಡಿ, ಲೋಕದಲ್ಲಿ ಹಾಜರಿದ್ದವರು ಮತ್ತು ಇಲ್ಲದವರು ಎಂಬ ಎರಡೇ ಜಾತಿ ಎಂದು ನಂಬಿದ್ದರು. ಮದುವೆಯೂಟದ ಪಂಕ್ತಿಯಲ್ಲಿ ಕೂತರೂ ಮೊದಲು ಕೈಗಡಿಯಾರ ನೋಡುತ್ತಿದ್ದರು.

ನಾನಾಗ ಎಂ.ಎಸ್ಸಿ. ಓದುತ್ತಿದ್ದೆ. ಒಂದು ಸಂಜೆ ಬಸ್ಸಿಳಿದು ಬರುವಾಗ ಅವರ ಮೋತಿ ತೆರೆದ ಗೇಟಿನಿಂದ ನುಗ್ಗಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಡಾಕ್ಟರು ಚುಚ್ಚುಮದ್ದು ಶುರುಮಾಡಿ, "ಹತ್ತು ದಿನ ನಾಯಿಯ ಮೇಲೆ ಕಣ್ಣಿಡಿ. ಅದು ಚೆನ್ನಾಗಿದ್ದರೆ ಉಳಿದ ಸೂಜಿ ಬೇಡ" ಎಂದರು. ಅಪ್ಪ ಪೊಲೀಸರಿಗೆ ದೂರು ಬರೆದು ಮೇಜಿನ ಮೇಲಿಟ್ಟರು. ನಾಯಿ ಸತ್ತರೆ ಅಥವಾ ಕಣ್ಮರೆಯಾದರೆ ಸಾಕಿದವರ ಮೇಲೆ ಕೇಸು.

"ವೀಧಿ ಕುಕ್ಕ ಅನಿ ಚೆಪ್ಪಂಡಿ, ಅಯಿಪೋತುಂದಿ" ಎಂದು ಎದುರುಮನೆಯ ರೆಡ್ಡಿ ಅಂಕಲ್ ಕಾಕಾಗೆ ಉಪಾಯ ಹೇಳಿಕೊಟ್ಟರಂತೆ. ಬೀದಿನಾಯಿ ಎಂದುಬಿಟ್ಟರೆ ಯಾರ ಮೇಲೂ ಕೇಸಿಲ್ಲ. ಕಾಕಾ ಅದನ್ನು ನೇರ ನಮ್ಮ ಮನೆಗೇ ಬಂದು ವರದಿ ಮಾಡಿದರು.

"ಎಂಟು ವರ್ಷ ರೊಟ್ಟಿ ಹಾಕೀನ್ರಿ ರಾಯರ. ಕಚ್ಚಿದ ದಿನ ಬೀದೀದು ಅನ್ನಲೇನು?"

ಅಲ್ಲೇ ಕೂತು ಕಾಗದ ಬರೆದುಕೊಟ್ಟರು: 'ನನ್ನ ನಾಯಿ ಮೋತಿ ಕಚ್ಚಿದ್ದು ನಿಜ. ಗೇಟಿನ ಚಿಲಕ ಹಾಕದವನು ನಾನು. ಈ ವರ್ಷ ಅದಕ್ಕೆ ಲಸಿಕೆ ಹಾಕಿಸಲು ಮರೆತವನೂ ನಾನೇ. ನಾಯಿಗೆ ಸಹಿ ಬಾರದ ಕಾರಣ ಇಬ್ಬರ ಪರವಾಗಿ ನಾನೇ ಸಹಿ ಮಾಡಿರುತ್ತೇನೆ.'

ಮರುದಿನದಿಂದ ಹಾಜರಿ.

"ಹೊರಗ ಬಾ ತಂಗಿ! ಮೋತಿ ಹಾಜರ್! ರಾತ್ರಿ ಎರಡು ರೊಟ್ಟಿ ತಿಂದೈತಿ, ಮುಂಜಾನೆ ಹಾಲಿನವಗ ಬೊಗಳೈತಿ. ತಬಿಯತ್ ಭಾಳ ಚಲೋ ಐತಿ!"

ಗೆಳತಿಯರಿಗೂ ಹೇಳದೆ ಮುಚ್ಚಿಟ್ಟಿದ್ದ ನನ್ನ ಗಾಯ ಇಡೀ ಬೀದಿಯ ಸುದ್ದಿಯಾಯಿತು. ಜನ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬರತೊಡಗಿದರು. ನಾನು ಕಿಟಕಿಯಿಂದಲೇ ತಲೆಯಾಡಿಸಿದರೆ ಕಾಕಾ ಒಪ್ಪುತ್ತಿರಲಿಲ್ಲ. "ಹಾಂಗ ನಡ್ಯಾಂಗಿಲ್ಲ. ಹತ್ರ ಬಂದು ಅದರ ಕಣ್ಣು ನೋಡು." ನೋಡುತ್ತಿದ್ದೆ. ಮೋತಿಯೇ ಮುಜುಗರದಿಂದ ಮುಖ ತಿರುಗಿಸುತ್ತಿತ್ತು.

ಒಂಬತ್ತನೆಯ ದಿನ ಕಾಕಾ ಏಳಕ್ಕೆ ಮೊದಲೇ ಬಂದರು. ಕೈಯಲ್ಲಿ ಅರ್ಧ ಸರಪಳಿ, ಕಾಲಲ್ಲಿ ಚಪ್ಪಲಿಯಿಲ್ಲ.

"ನಸುಕಿನ್ಯಾಗ ಹರಕೊಂಡು ಹೋಗೈತ್ರಿ. ಎಲ್ಲಾ ಕಡೆ ಹುಡುಕಿದೆ. ಸ್ಟೇಷನ್ನಿಗೆ ನಡೀರಿ ರಾಯರ, ನಾನೂ ಬರ್ತೀನಿ."

ಅಮ್ಮ ನನ್ನ ಕೈ ಹಿಡಿದುಕೊಂಡಳು. ನನಗೂ ಮೊದಲ ಬಾರಿ ನಿಜವಾಗಿ ಹೆದರಿಕೆಯಾಯಿತು. ಅಪ್ಪ ಅಂಗಿ ತೊಟ್ಟು, ದೂರು ಜೇಬಿಗಿಟ್ಟು ಹೊಸ್ತಿಲು ದಾಟಿದರು. ಅಷ್ಟರಲ್ಲಿ ಬಸ್‌ಸ್ಟಾಪಿನ ಕಡೆಯಿಂದ, ಉಳಿದರ್ಧ ಸರಪಳಿ ಎಳೆಯುತ್ತಾ, ಮೈಯೆಲ್ಲ ಕೆಸರು ಮಾಡಿಕೊಂಡು ಮೋತಿ ಬಂತು. ತನ್ನ ಮನೆ ದಾಟಿ ನೇರ ನಮ್ಮ ಗೇಟಿಗೆ ಬಂದು, ದಿನಾ ನಿಲ್ಲುವ ಜಾಗದಲ್ಲಿ ನಿಂತಿತು.

ಕಾಕಾ ಕಣ್ಣೊರೆಸಿಕೊಂಡು ಗಡಿಯಾರ ನೋಡಿದರು. "ಏಳಕ್ಕ ಇನ್ನೂ ಎರಡು ನಿಮಿಷ ಐತ್ರಿ. ಲೇಟ್ ಅಲ್ಲ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ.

ಹತ್ತು ದಿನ ಮುಗಿದು ಸೂಜಿ ನಿಂತಿತು. ಅಪ್ಪ ದೂರನ್ನು ಹರಿದು, ಕಾಕಾ ಬರೆದ ಕಾಗದ ಹಿಂದಿರುಗಿಸಹೋದರು. ಕಾಕಾ ಕೈ ಹಿಂದೆ ಕಟ್ಟಿಕೊಂಡರು. "ಇಟ್ಕೋರಿ. ನಾಯಿ ಇನ್ನೂ ನಂದಽ ಐತಿ." ಅದನ್ನು ನನ್ನ ಪುಸ್ತಕವೊಂದರಲ್ಲಿಟ್ಟೆ.

ಮೂರು ವರ್ಷದ ನಂತರ ಅವರು ನಿವೃತ್ತರಾಗಿ ಊರಿಗೆ ಹೊರಟ ದಿನ ಏಳು ಗಂಟೆಗೆ ಗೇಟಿನ ಸದ್ದಾಯಿತು. ಒಬ್ಬರೇ ನಿಂತಿದ್ದರು. ಆ ಬೇಸಗೆಯಲ್ಲಿ ಮೋತಿ ಮುದಿಯಾಗಿ ತೀರಿಕೊಂಡಿತ್ತು.

"ಆ ಕಾಗದ ಕೊಟ್ಟುಬಿಡು ತಂಗಿ. ಈಗ ನನ್ನ ಜವಾಬ್ದಾರಿ ಮುಗೀತಲ್ಲ?"

ನಾನು ಸುಳ್ಳು ಹೇಳುವವಳಲ್ಲ. ಆದರೂ, "ಎಲ್ಲಿಟ್ಟೆನೋ ಕಾಕಾ, ಸಿಗುತ್ತಿಲ್ಲ" ಎಂದೆ.

ಅವರು ಹತ್ತಿರ ಬಂದು ನನ್ನ ಕಣ್ಣು ನೋಡಿದರು. ಆಮೇಲೆ ಮೀಸೆಯೊಳಗೆ ನಕ್ಕರು.

"ಹಂಗಾದ್ರ ನಾಯಿ ಇನ್ನೂ ನಂದಽ ಐತಿ ಅಂದಂಗಾತು" ಎಂದು, ಗಡಿಯಾರ ನೋಡಿಕೊಂಡು ಹೊರಟರು.