ಕನಸಿನ ರಿಪೇರಿ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಲಿಫ್ಟ್ ಮೆಕ್ಯಾನಿಕ್ ಮಂಚದ ಅಂಚಿನಲ್ಲಿ ಕಣ್ಣುಮುಚ್ಚಿ ಕೂತು, ಹೆಬ್ಬೆರಳಿನಿಂದ ಗಾಳಿಯಲ್ಲಿ ಒಂದು ಬಟನ್ ಒತ್ತುತ್ತಿದ್ದ. ಪಕ್ಕದ ಕೋಣೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಸದ್ದು ಅವನಿಗೆ ಅಡ್ಡಿಯಾದೀತೆಂದು ಕಾಲು ನಿಲ್ಲಿಸಿ, ಅಂಗಿಯ ಕಾಲರನ್ನು ಕೈಯಲ್ಲೇ ಹೊಲಿಯುತ್ತ ಕಿವಿಗೊಟ್ಟಿದ್ದಳು.

ಅದು ಮನಃಶಾಸ್ತ್ರಜ್ಞೆ ಕೊಟ್ಟ ಹೋಂವರ್ಕ್. ಕೆಟ್ಟ ಕನಸನ್ನು ಹಗಲು ಎಚ್ಚರವಿದ್ದಾಗ ಕೈಗೆತ್ತಿಕೊಂಡು, ಬೇಕಾದಂತೆ ಬದಲಾಯಿಸಿ, ಆ ಬದಲಾದ ಕನಸನ್ನಷ್ಟೇ ದಿನಾ ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಓಡಿಸಬೇಕು. ಹಗಲು ರೂಢಿಯಾದದ್ದು ರಾತ್ರಿಗೂ ದಾಟಬಹುದು ಎಂಬುದು ಚಿಕಿತ್ಸೆಯ ಆಸೆ.

ಕನಸಿನಲ್ಲಿ ಬರುವವನು ಹೆಂಡತಿಯ ತಮ್ಮ. ಭಾವನ ಜೊತೆಗೇ ಇದ್ದು ಕೆಲಸ ಕಲಿತವನು. ಲಿಫ್ಟಿನ ತಳದ ಗುಂಡಿಗಿಳಿದು ಗ್ರೀಸ್ ಹಚ್ಚುತ್ತಿದ್ದಾಗ ಬ್ರೇಕ್ ಜಾರಿ ಕ್ಯಾಬಿನ್ ಕೆಳಗಿಳಿಯಿತು. ಭಾವ ಬಾಗಿಲಲ್ಲಿ ಬೋರಲಾಗಿ ಬಿದ್ದು ಅವನ ಕೈ ಹಿಡಿದ. ಎಳೆದು ಉಳಿಸಲಾಗಲಿಲ್ಲ. ಅಂದಿನಿಂದ ನಿದ್ದೆಯಲ್ಲಿ ಅವನಿಗೆ ಎಳೆಯಲು ಸಿಗುವುದು ಪಕ್ಕದಲ್ಲಿ ಮಲಗಿದವಳ ಕೈ. ಅವಳ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟ ಮರುದಿನ ಅವನೇ ಅವಳ ಹಾಸಿಗೆ ಹೊತ್ತು ತಂದು ನಡುಮನೆಯಲ್ಲಿ ಹಾಕಿದ್ದ. ಅವಳಿಗೆ ಬೇಕಾದದ್ದು ಇಷ್ಟೇ: ಆ ಹಾಸಿಗೆ ಮತ್ತೆ ಒಳಗೆ ಹೋಗಬೇಕು.

"ಇವತ್ತೂ ಲಿಫ್ಟ್ ನಿಲ್ಲಲಿಲ್ಲ ಕಣೇ," ಎಂದ ಕಣ್ಣು ಬಿಟ್ಟು.

"ಸ್ಟಾಪ್ ಬಟನ್ ಒತ್ತಿದ್ರಿ ತಾನೇ?"

"ಒತ್ತಿದೆ. ಬ್ರೇಕ್ ಸವೆದಿದ್ರೆ ಬಟನ್ ಪಾಪ ಏನು ಮಾಡುತ್ತೆ?"

"ಕನಸಿನ ಬ್ರೇಕ್ ರೀ ಅದು! ಹೊಸದು ಹಾಕ್ಕೊಳ್ಳಿ. ಬಿಲ್ ಯಾರು ಕೇಳ್ತಾರೆ?"

"ಹಾಗೆಲ್ಲ ಹಾಕೋಕಾಗಲ್ಲ. ಮೊದ್ಲು ಕ್ಯಾಬಿನ್ ಕಟ್ಟಿ ನಿಲ್ಲಿಸ್ಬೇಕು, ಕರೆಂಟ್ ತೆಗೀಬೇಕು..."

ಅವಳಿಗೆ ನಗು ಬಂತು. ಮರುಕ್ಷಣ ಹೊಳೆಯಿತು: ಇಷ್ಟು ದಿನ ಅವನು ಅಭ್ಯಾಸ ಮಾಡಿದ್ದು ಆ ಅಪಘಾತವನ್ನೇ, ಇನ್ನಷ್ಟು ವಿವರವಾಗಿ.

ಮುಂದಿನ ಭೇಟಿಯಲ್ಲಿ ವಿಷಯ ಕೇಳಿ ಮನಃಶಾಸ್ತ್ರಜ್ಞೆ ಮೆಲ್ಲಗೆ ಹೇಳಿದರು: "ನೀವು ಕನಸನ್ನ ಬದಲಾಯಿಸ್ತಾ ಇಲ್ಲ ಸರ್, ಸರ್ವಿಸ್ ಮಾಡ್ತಾ ಇದ್ದೀರಿ. ಆ ಕಟ್ಟಡದಲ್ಲಿ ಲಿಫ್ಟೇ ಇಲ್ಲ ಅಂದ್ಕೊಳ್ಳಿ."

"ಅಷ್ಟು ಎತ್ತರದ ಕಟ್ಟಡಕ್ಕೆ ಲಿಫ್ಟ್ ಇಲ್ದೆ ಪರ್ಮಿಷನ್ ಯಾರು ಕೊಡ್ತಾರೆ ಮೇಡಂ?"

ಹೆಂಡತಿ ತಲೆ ತಗ್ಗಿಸಿಕೊಂಡೇ ಬಾಯಿ ಹಾಕಿದಳು. "ಅವನು ಅವತ್ತು ಲೇಟಾಗಿ ಬಂದ ಅಂದ್ಕೊಳ್ರೀ."

ಮೊದಲ ಸಲ ಅವನು ವಾದಕ್ಕಿಳಿಯಲಿಲ್ಲ. "ಅದು ಆಗುತ್ತೆ. ನಿನ್ನ ತಮ್ಮ ಯಾವತ್ತು ಟೈಮಿಗೆ ಬಂದಿದ್ದ, ಸೋಂಬೇರಿ! ಅವತ್ತೊಂದೇ ದಿನ..."

ಹೊಸ ಕನಸು ಹೀಗೆ: ಅವನು ಎರಡು ಲೋಟ ಟೀ ಹಿಡಿದು ಕಟ್ಟಡದ ಗೇಟಿನಲ್ಲಿ ನಿಂತಿದ್ದಾನೆ. ಭಾಮೈದ ಇನ್ನೂ ಬಂದಿಲ್ಲ, ಹಾಗಾಗಿ ಕೆಲಸ ಶುರುವಾಗಿಲ್ಲ. ದಿನಾ ಮಧ್ಯಾಹ್ನ ಅವನು ಕಣ್ಣುಮುಚ್ಚಿ ಗೇಟಿನಲ್ಲಿ ನಿಂತ. ಕೆಲವು ವಾರಗಳಲ್ಲಿ ರಾತ್ರಿಯ ಚೀರಾಟ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಒಂದು ಸಂಜೆ ಅವಳು ಕೇಳದೆ ಹೇಳದೆ ಹಾಸಿಗೆಯನ್ನು ಒಳಗೆ ಹಾಸಿದಳು.

ಬೆಳಿಗ್ಗೆ ಎದ್ದಾಗ ಅವಳ ಕೈ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಅವನು ಗೋಡೆಗೊರಗಿ ಕೂತಿದ್ದ, ಕಣ್ಣು ಕೆಂಡದಂತಿತ್ತು.

"ಕನಸಲ್ಲಿ ಲಿಫ್ಟ್ ಬಂತಾ?"

"ಇಲ್ಲ. ಗೇಟಲ್ಲೇ ನಿಂತಿದ್ದೆ. ಟೀ ಆರಿಹೋಯ್ತು, ಅವನು ಬರ್ಲೇ ಇಲ್ಲ. ದಿನಾ ಹೀಗೇ ಎಚ್ಚರ ಆಗುತ್ತೆ. ಆಮೇಲೆ ಮಲಗೋಕೆ ಮನಸ್ಸಾಗಲ್ಲ. ನಾನು ಮಲಗಿದಾಗ ಅವನು ಬಂದು ಹುಡುಕಿ ವಾಪಸ್ ಹೋದ್ರೆ?"

ಅವಳು ಎದ್ದು ಹೊದಿಕೆ ಮಡಚತೊಡಗಿದಳು. ಬರಲಿ ಬಿಡಿ ಎನ್ನಲೇ? ಬಂದರೆ ಕೆಲಸ ಶುರುವಾಗುತ್ತದೆ. ಬಾರದಿದ್ದರೆ ಇವನು ಕಾಯುತ್ತಲೇ ಇರುತ್ತಾನೆ. ಆ ಕನಸನ್ನು ಕೊಟ್ಟವಳೂ ಅವಳೇ.

ಹಾಸಿಗೆ ಒಳಗೆ ಬಂದಿತ್ತು, ನಿದ್ದೆ ಮಾತ್ರ ಬಂದಿರಲಿಲ್ಲ. ಹಾಸಿಗೆ ಮಡಚುವಾಗ ಚಿಕಿತ್ಸೆಯ ಮೊದಲ ದಿನ ಅವಳಿಗೆ ನೆನಪಾಯಿತು. ವಾರದಲ್ಲಿ ಎಷ್ಟು ರಾತ್ರಿ ಸರಿಯಾಗಿ ನಿದ್ದೆ ಬಂದರೆ ಸಾಕು ಅನ್ನಿಸುತ್ತೆ ಎಂದು ಮನಃಶಾಸ್ತ್ರಜ್ಞೆ ಅವನನ್ನು ಕೇಳಿದ್ದರು. ಏಳೂ ಎನ್ನುತ್ತಾನೆಂದು ಅವಳು ಕಾದಿದ್ದಳು. ಅವನು ಅವಳ ಪಟ್ಟಿ ಸುತ್ತಿದ ಕೈಯನ್ನು ನೋಡಿ, ಹೆಚ್ಚು ಕೇಳಿದರೆ ತಪ್ಪಾದೀತು ಎಂಬಂತೆ ಹೇಳಿದ್ದ:

"ಒಂದು."