ಕಿರಣ ಬಡಿದ ತುಣುಕು

ಮೊನ್ನೆ ನಮ್ಮೂರ ಜಗತ್ ಸರ್ಕಲ್ಲಿನ ಅಂಗಡಿಯೊಂದರಲ್ಲಿ ಮಾರಾಟದವನು ಹೊಸ ಫ್ರಿಜ್ಜಿನ ಬಾಗಿಲು ತೆರೆದು, "ಇದರಾಗ ಖಾಸ್ ಕಿರಣ ಅದಾವ್ರಿ, ಮೇಥಿಪಲ್ಯ ಬಾಡಂಗಿಲ್ಲ" ಎಂದ. ಆ ತಂಪು ಮುಖಕ್ಕೆ ತಾಗಿದ್ದೇ ನನಗೆ ನಮ್ಮ ಗೈಡ್ ಸರ್ ನೆನಪಾದರು. ಕಿರಣದ ಹೆಸರು ಹೇಳಿ ಊರು ತಂಪು ಮಾಡಲು ಹೊರಟ ಮೊದಲಿಗರು ಅವರೇ.

ಎರಡು ಸಾವಿರದ ಇಸವಿಯ ಆಸುಪಾಸು. ನಾನೂ ಕಮಲಾಪುರದ ಶಿವಲೀಲಾಳೂ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆವು. ನಿಜ ಹೇಳಬೇಕೆಂದರೆ ಸಂಶೋಧನೆ ಅವಳದು. ನಾನು ಖೂಬಾ ಪ್ಲಾಟ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಚಹಾ ಮಾಡುತ್ತಿದ್ದೆ. ಗ್ಯಾಡೊಲಿನಿಯಂ ಎಂಬ ಲೋಹವಿದೆ. ಬಲವಾದ ಅಯಸ್ಕಾಂತದೊಳಗೆ ಇಟ್ಟರೆ ಬಿಸಿಯಾಗುತ್ತದೆ, ಹೊರತೆಗೆದರೆ ತಣ್ಣಗಾಗುತ್ತದೆ. ಅದರಿಂದ ಗ್ಯಾಸಿಲ್ಲದ ಫ್ರಿಜ್ಜು ಮಾಡಬಹುದಂತೆ. ಅಂಥದನ್ನು ಉಪಗ್ರಹದಲ್ಲಿಟ್ಟರೆ ವಿಕಿರಣಕ್ಕೆ ಲೋಹದ ಗುಣ ಕೆಡುವುದೇ? ಇದು ಶಿವಲೀಲಾಳ ಪ್ರಶ್ನೆ.

ಮೇ ತಿಂಗಳಲ್ಲಿ, ತಗಡಿನ ಮಾಡಿನ ಪ್ರಯೋಗಾಲಯದಲ್ಲಿ ಆ ಲೋಹದ ಒಂದು ತುಣುಕು ಎಷ್ಟು ತಣ್ಣಗಾಗುತ್ತದೆಂದು ಅಳೆದಳು. ಅದನ್ನು ದೂರದ ಊರಿಗೆ ಕಳಿಸಿ, ಗಾಮಾ ಕಿರಣ ಹಾಯಿಸಿ ತರಿಸುವಷ್ಟರಲ್ಲಿ ಚಳಿಗಾಲ ಬಂತು. ಮತ್ತೆ ಅಳೆದರೆ ಮೊದಲಿಗಿಂತ ಹೆಚ್ಚು ತಣ್ಣಗಾಯಿತು. ಇದು ಕಿರಣದ್ದೇ ಮಹಿಮೆ ಎಂದು ಸರ್ ಪತ್ರಿಕೆಯವರನ್ನು ಕರೆದರು, ವಿಚಾರ ಸಂಕಿರಣ ಗೊತ್ತುಮಾಡಿದರು. ಸನ್ಮಾನದ ಶಾಲಿಗೆ ಪುರಾವೆ ಬೇಕಿಲ್ಲ, ಹಾಗಾಗಿ ಅದು ಎಲ್ಲಕ್ಕಿಂತ ಮೊದಲು ಬಂತು.

ಶಿವಲೀಲಾಳಿಗೆ ಮಾತ್ರ ಸಮಾಧಾನವಿಲ್ಲ. ಕಿರಣ ಕಾಣದ ಜೋಡಿ ತುಣುಕೊಂದನ್ನು ಅದೇ ಚಳಿಯಲ್ಲಿ ಅಳೆದಳು. ಅದೂ ಅಷ್ಟೇ ತಣ್ಣಗಾಯಿತು. ಆ ಲೋಹಕ್ಕೆ ತಂಪು ಹವೆಯೇ ಹಿತ. ನಮ್ಮೂರ ಬೇಸಿಗೆಯಲ್ಲಿ ಅದೂ ನನ್ನಂತೆ ಮೈಗಳ್ಳ.

"ಸರ್, ಕಿರಣದಿಂದ ಏನೂ ಆಗಿಲ್ರಿ. ಫರಕು ಹವಾದ್ದು."

"ನೋಡವ್ವಾ, ಕಾರ್ಡು ಪ್ರಿಂಟ್ ಆಗ್ಯಾವ. ಚಳಿಗಾಲದ ಸಾಧನೆ ಅಂತ ಭಾಷಣ ಮಾಡ್ಲೇನು? ಸುಮ್ಮಿರು. ಇಲ್ಲಾಂದ್ರ ನಿನ್ನ ಥೀಸಿಸ್‌ಗೆ ನಾ ಸಹಿ ಹಾಕಂಗಿಲ್ಲ."

ಅವಳು ಸುಮ್ಮನಿರಲಿಲ್ಲ. ವೇದಿಕೆ ಹತ್ತಿ ಎರಡೂ ತುಣುಕಿನ ಕಥೆ ಹೇಳಿ ಇಳಿದಳು. ಅಷ್ಟು ಹೊತ್ತು ತೂಕಡಿಸುತ್ತಿದ್ದ ಮುಖ್ಯ ಅತಿಥಿಗಳು ಎಚ್ಚೆತ್ತು, ಮೊದಲು ಚಪ್ಪಾಳೆ ತಟ್ಟಿದರು. ಸರ್ ಮಾತ್ರ ಹೇಳಿದಂತೆಯೇ ನಡೆದುಕೊಂಡರು, ಸಹಿ ಹಾಕಲಿಲ್ಲ.

ಅವಳನ್ನು ಕಮಲಾಪುರಕ್ಕೆ ಬಿಡಲು ಹೋದೆ. ಕೆಂಪು ಬಾಳೆಯ ತೋಟದಲ್ಲಿ ಅವಳ ಅಪ್ಪ ಕೇಳಿದರು, "ಏನಾತವ್ವಾ?"

"ಏನೂ ಆಗಿಲ್ಲ ಅಂತ ಗೊತ್ತಾತಪ್ಪಾ."

"ಏನೂ ಆಗಿಲ್ಲ ಅಂತ ತಿಳಿಯಾಕ ಇಷ್ಟು ವರ್ಷ ಬೇಕೇನು?"

"ಆಗ್ಯದ ಅನ್ನೋರು ಇದ್ದಾಗ ಬೇಕಾಗತದ."

ಅವರು ಮಗಳ ಮುಖ ನೋಡಿ ನಕ್ಕರು. ಆಮೇಲೆ ಅವಳು ಅತ್ತಳು.

ಬೇರೆ ಗೈಡ್ ಸಿಕ್ಕಿ ಪದವಿ ಬರುವಷ್ಟರಲ್ಲಿ ಅವಳ ಜೊತೆಯವರೆಲ್ಲ ನೌಕರಿ ಹಿಡಿದಿದ್ದರು. ಸರ್ ಶಾಲು ಹೊದ್ದೇ ನಿವೃತ್ತರಾದರು. ಈಗ ವೈಜ್ಞಾನಿಕ ಮನೋಭಾವದ ಬಗ್ಗೆ ಭಾಷಣ ಮಾಡುತ್ತಾರೆ.

ಅಂಗಡಿಯಿಂದ ಏನೂ ಕೊಳ್ಳದೆ ಹೊರಬಂದು ಶಿವಲೀಲಾಳಿಗೆ ಫೋನ್ ಮಾಡಿದೆ. "ಲೀಲಾ, ನಿನ್ನ ಥೀಸಿಸ್ ಓದಾಕ ಕೊಡ್ತಿಯೇನು?"

"ಈಗ್ಯಾಕ? ಅದರಾಗ ಏನೂ ಆಗಂಗಿಲ್ಲ."

"ಅದಕ್ಕೇ ಕೇಳಾಕತ್ತೀನಿ" ಎಂದೆ.