ಮೇಣ ಮೆತ್ತಿಕೊಂಡ ಕಾಲು

ಕುದುರೆಯ ವಾಸನೆ ಎಂದರೆ ನನಗೆ ಇವತ್ತಿಗೂ ಆಗುವುದಿಲ್ಲ. ಕಥೆಗಳಲ್ಲಿ ರಾಜಕುಮಾರ ಕುದುರೆ ಏರಿ ಬರುತ್ತಾನಲ್ಲ, ಆ ಕಥೆ ಕಟ್ಟಿದವರು ಯಾರೂ ಅವನ ಷರಾಯಿ ಒಗೆದವರಲ್ಲ. ನಾನು ಒಗೆದಿದ್ದೇನೆ. ನಂಜನಗೂಡಿನಲ್ಲಿ ಕಪಿಲೆಯ ಮೆಟ್ಟಿಲ ಮೇಲೆ ನಾನು ಆ ಷರಾಯಿಯ ಗಂಟು ಬಿಚ್ಚಿದರೆ ಸಾಕು, ಪಕ್ಕದ ಹೆಂಗಸರು ತಮ್ಮ ಬಟ್ಟೆ ಎತ್ತಿಕೊಂಡು ಮೇಲಿನ ಮೆಟ್ಟಿಲಿಗೆ ಹೋಗುತ್ತಿದ್ದರು. ನಾನಾಗಿದ್ದರೂ ಹೋಗುತ್ತಿದ್ದೆ.

ನಮ್ಮ ಯಜಮಾನರಿಗೆ ಆಗ ಶೇಕದಾರರ ಕೆಲಸ ಸಿಕ್ಕಿತ್ತು. ಹೋಬಳಿಯ ಹಳ್ಳಿಗಳನ್ನೆಲ್ಲ ಸುತ್ತಿ ಕಂದಾಯದ ಕೆಲಸ ನೋಡಬೇಕು. ಆದರೆ ಕೆಲಸ ಇನ್ನೂ ಹಂಗಾಮಿ. ಮೇಲಿನ ಸಾಹೇಬರಿಗೆ ಕುದುರೆಯ ಹುಚ್ಚು. ಕುದುರೆಯ ಮೇಲೆ ನೆಟ್ಟಗೆ ಕೂರಲು ಬಾರದವನನ್ನು ಕಾಯಂ ಮಾಡುವುದಿಲ್ಲವೆಂದು ಪಟ್ಟು ಹಿಡಿದಿದ್ದರು. ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ನರಸೀಪುರದಲ್ಲಿ ಮೊಕ್ಕಾಂ ಹೂಡುವುದು, ಇವರು ಅಲ್ಲಿಗೆ ಹೋಗಿ ಸವಾರಿ ತೋರಿಸುವುದು ಎಂದು ನಿಗದಿಯಾಗಿತ್ತು.

ತೋರಿಸಲಾಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಮೂಗೂರಿನ ಮಾವನ ಮನೆ ಸೇರಬೇಕು. ಆ ಮನೆಯಲ್ಲಿ ಎಷ್ಟು ಸೊಸೆಯರಿದ್ದರೂ ಒಲೆ ಒಂದೇ, ಒಡತಿಯೂ ಒಬ್ಬಳೇ, ನಮ್ಮತ್ತೆ. ಉಪ್ಪಿನ ಮಡಕೆಗೆ ಕೈ ಹಾಕಬೇಕಾದರೂ ಅವರ ಮುಖ ನೋಡಬೇಕು. ನಂಜನಗೂಡಿನ ನಮ್ಮ ಬಾಡಿಗೆ ಮನೆ ಕೋಳಿಗೂಡಿನಷ್ಟೇ ಇತ್ತು, ಆದರೆ ಒಲೆ ನನ್ನದು. ಆ ಒಲೆ ಉಳಿಯುವುದೋ ಬಿಡುವುದೋ ಎಂಬುದೆಲ್ಲ ಈ ಗಂಡಸಿನ ಮೊಣಕಾಲಿನ ಕೆಳಗೆ ಬಂದು ನಿಂತಿತ್ತು.

ಮೊಣಕಾಲಿನ ಕೆಳಗೇ ಇದ್ದದ್ದು ತೊಂದರೆ. ಹತ್ತಿ ಕೂತ ತಕ್ಷಣ ಇವರು ಎರಡು ಮಂಡಿಯಿಂದಲೂ ಕುದುರೆಯ ಬೆನ್ನ ಮೇಲಿನ ಜೀನನ್ನು ಕಚ್ಚಿ ಹಿಡಿಯುತ್ತಿದ್ದರು. ಮಂಡಿ ಬಿಗಿದಷ್ಟೂ ಅದರ ಕೆಳಗಿನ ಕಾಲು ನೇತುಹಾಕಿದ ಪಡವಲಕಾಯಿಯ ಹಾಗೆ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿತ್ತು. ಹಿಮ್ಮಡಿ ಹೋಗಿ ಕುದುರೆಯ ಹೊಟ್ಟೆಗೆ ಬಡಿಯುತ್ತಿತ್ತು. ಓಡು ಎಂದು ಹೇಳುತ್ತಿದ್ದಾರೆ ಎಂದುಕೊಂಡು ಅದು ಓಡುತ್ತಿತ್ತು. ಇವರು ಹೆದರಿ ಮಂಡಿಯನ್ನು ಇನ್ನಷ್ಟು ಬಿಗಿಯುತ್ತಿದ್ದರು.

ಕಲಿಸಲು ಬಂದವನು ಮೈಸೂರಿನ ಸವಾರರ ದಂಡಿನಲ್ಲಿದ್ದು ಬಂದ ಒಬ್ಬ ಮುದುಕ. ಅವನ ಬಾಯಲ್ಲಿ ಎಲೆಯಡಿಕೆ ಇಲ್ಲದ ಹೊತ್ತನ್ನು ನಾನು ಕಾಣೆ. ಉಗಿಯಲು ಬೀದಿ ಬೇಕಾದಷ್ಟಿದ್ದರೂ ಅವನಿಗೆ ನನ್ನ ರಂಗೋಲಿಯೇ ಆಗಬೇಕಿತ್ತು.

"ಮಂಡಿ ಕಚ್ಚಬ್ಯಾಡಿ ಸ್ವಾಮಿ," ಎಂದು ದಿನವೂ ಬಡಕೊಳ್ಳುತ್ತಿದ್ದ. "ಅದು ಕುದ್ರೆ, ತೆಂಗಿನ್ ಮರ ಅಲ್ಲ. ಇಮ್ಮಡಿ ಇಳಿಬುಡಿ. ಮೈ ಬಾರ ಎಲ್ಲಾ ಕೆಳೀಕ್ ಓಗ್ಲಿ."

ಇವರಿಗೆ ಕೇಳಿಸಿದರೆ ತಾನೆ. ಕೊನೆಗೆ ಮುದುಕ ಒಂದು ವೀಳ್ಯದೆಲೆ ತೆಗೆದು ಇವರ ಮೀನಖಂಡಕ್ಕೂ ಜೀನಿಗೂ ನಡುವೆ ಸಿಕ್ಕಿಸಿದ. ಬಯಲನ್ನು ಒಂದು ಸುತ್ತು ಹಾಕಿ ಬರುವವರೆಗೂ ಎಲೆ ಬೀಳಬಾರದು. ಅದು ಹೊರಟ ಜಾಗದಲ್ಲೇ ಬೀಳುತ್ತಿತ್ತು. ಮುದುಕ ಅದನ್ನು ಲದ್ದಿಯ ಪಕ್ಕದಿಂದ ಎತ್ತಿ, ತೊಡೆಗೆ ಒರೆಸಿ, ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದ ನಾನು ಆ ದಿನ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಹಾಗಿರುವಾಗ ಒಂದು ಬೆಳಿಗ್ಗೆ ಎಲೆ ಬೀಳಲೇ ಇಲ್ಲ. ಮುದುಕ ಕುಣಿದಾಡಿಬಿಟ್ಟ. ನನಗೂ ಅರೆಗಳಿಗೆ ಖುಷಿಯಾಯಿತು. ಷರಾಯಿ ಒಗೆಯಲು ಕೂತಾಗ ಆ ಖುಷಿಯೆಲ್ಲ ಇಳಿಯಿತು. ಒಳಗಾಲಿನ ಉದ್ದಕ್ಕೂ ಕಪ್ಪಗೆ ಏನೋ ಮೆತ್ತಿಕೊಂಡಿದೆ. ಅದರ ತುಂಬ ಕುದುರೆಯ ಕೂದಲು, ನೊಣ, ಹೊಟ್ಟು. ಮುಟ್ಟಿದ ಬೆರಳು ಬೆರಳಿಗೇ ಅಂಟಿಕೊಂಡಿತು. ಸೌಳುಮಣ್ಣು ಹಾಕಿ ಉಜ್ಜಿದರೂ ಜಗ್ಗಲಿಲ್ಲ. ಥೂ, ಎಂಥ ಹೇಸಿಗೆ.

ಮನೆಗೆ ಬಂದು ಕೇಳಿದರೆ ಯಜಮಾನರು ಸೂರಿನ ತೊಲೆ ನೋಡತೊಡಗಿದರು.

"ಅಲಸಿನ ಮೇಣ ಕಣಮ್ಮಿ. ಕಾಲು ಅಲ್ಲಾಡಬಾರ್ದು ತಾನೆ?"

"ಗಟ್ಟಿಯಾಗಿರೋ ಕಾಲೂ ಅಂಟ್ಕೊಂಡಿರೋ ಕಾಲೂ ಒಂದೇನಾ?"

"ಸಾಯೇಬ್ರಿಗ್ ಕಾಣೋದು ಕಾಲು. ಮೇಣ ಎಲ್ಲಿ ಕಾಣ್ತದೆ?"

ನನ್ನ ಮೈಯೆಲ್ಲ ಉರಿದುಹೋಯಿತು. ತಮ್ಮ ಹೆದರಿಕೆಯನ್ನು ಅಂಟಿನಿಂದ ಮುಚ್ಚಲು ಹೊರಟ ಗಂಡಸು. ಊರಿಗೆ ಹೋದರೆ ಇವರಿಗೇನು ನಷ್ಟ, ಅಪ್ಪನ ಮನೆ, ಜಗಲಿಯ ಮೇಲೆ ಕಾಲು ಚಾಚಿ ಬಿದ್ದುಕೊಂಡಿರುತ್ತಾರೆ, ಅತ್ತೆಯ ಒಲೆಯ ಹೊಗೆ ಕುಡಿಯುವವಳು ನಾನು ಎಂದುಕೊಂಡೆ. ಅಂದುಕೊಂಡದ್ದನ್ನೇ ಬಾಯಿಬಿಟ್ಟು ಹೇಳಿಯೂ ಹೇಳಿದೆ. ಅವರು ಎದ್ದು ಹಿತ್ತಿಲಿಗೆ ಹೋದರು.

ನರಸೀಪುರದಲ್ಲಿ ನನ್ನ ನಾದಿನಿಯ ಮನೆಯಿತ್ತು. ಮುದುಕ ಕುದುರೆ ಹೊಡೆದುಕೊಂಡು ಮುಂದೆ ಹೋದ, ನಾವಿಬ್ಬರು ಸುತ್ತೂರಿನ ಮೇಲೆ ಗಾಡಿಯಲ್ಲಿ ಹೋದೆವು. ಮಾರನೆಯ ದಿನ ಹೊಳೆಯ ಪಕ್ಕದ ತೋಪಿನಲ್ಲಿ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಗಾಡಿಯ ಮರೆಯಲ್ಲಿ ನಿಂತೆ. ಮಳೆ ಬಿಟ್ಟು ಬಿಸಿಲು ಸುಡುತ್ತಿತ್ತು. ಯಜಮಾನರು ಸುತ್ತು ಹಾಕಿದರು, ನಡಿಗೆಯಲ್ಲಿ ಒಮ್ಮೆ, ಓಟದಲ್ಲಿ ಒಮ್ಮೆ. ಕಾಲು ಮೊಳೆ ಹೊಡೆದ ಹಾಗಿತ್ತು. ಸಾಹೇಬರು ತಲೆದೂಗಿ, "ಚೆನ್ನಾಗಿದೆ, ಇಳಿಯಿರಿ," ಎಂದರು.

ಇಳಿಯಲಾಗಲಿಲ್ಲ. ಒಂದು ಕಾಲು ಎಳೆದರು, ಬರಲಿಲ್ಲ. ಇನ್ನೊಂದು ಎಳೆದರು. ಬಿಸಿಲಿಗೆ ಕರಗಿದ ಮೇಣ ಜೀನು ದಾಟಿ ಕುದುರೆಯ ಹೊಟ್ಟೆಯ ಕೂದಲನ್ನೂ ಹಿಡಿದಿತ್ತು. ಕೂದಲು ಕಿತ್ತ ಉರಿಗೆ ಅದು ಹಿಂಗಾಲೆತ್ತಿ ಒದೆಯಿತು. ಇವರು ನೆಲಕ್ಕೆ ಬಿದ್ದರು, ಷರಾಯಿಯ ಒಂದು ಕಾಲು ಮೇಲೆಯೇ ಉಳಿಯಿತು. ತೋಪೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ. ಹತ್ತಿರ ಬಂದು ಬಗ್ಗಿ ನೋಡಿ, ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು.

"ನಾಳೆ ಬೆಳಿಗ್ಗೆ ಪಂಚೆ ಕಟ್ಟಿಕೊಂಡು ಬನ್ನಿ, ಬರಿಗಾಲಲ್ಲಿ. ಇದೇ ಕೊನೆ," ಎಂದು ಹೇಳಿ ಹೊರಟುಹೋದರು.

ಸಂಜೆ ನಾದಿನಿಯ ಹಿತ್ತಿಲಲ್ಲಿ ನಾನು ಹರಳೆಣ್ಣೆಯ ಬಟ್ಟಲು ಇಟ್ಟುಕೊಂಡು ಅವರ ಕಾಲಿಗೆ ಅಂಟಿದ್ದ ಮೇಣ ಬಿಡಿಸಲು ಕೂತೆ. ಎಣ್ಣೆ, ಬೆವರು, ಕುದುರೆ, ಕೊಳೆತ ಹಲಸು ಎಲ್ಲ ಒಟ್ಟಿಗೆ ನಾರುತ್ತಿತ್ತು. ಉಜ್ಜುತ್ತ ಮೇಲಕ್ಕೆ ಹೋದರೆ ಮಂಡಿಯ ಒಳಭಾಗ ಕಂಡಿತು. ಎರಡೂ ಕಡೆ ಚರ್ಮವೇ ಇರಲಿಲ್ಲ. ಹೊಸ ಗಾಯದ ಕೆಳಗೆ ಹಳೆಯ ಗಾಯ, ಕೀವು. ತಿಂಗಳುಗಟ್ಟಲೆ ಆ ಗಾಯದ ಮೇಲೇ ಜೀನು ಕಚ್ಚಿ ಹಿಡಿದಿದ್ದಾರೆ, ನನಗೆ ತೋರಿಸಿಲ್ಲ.

"ಇಷ್ಟು ಯಾಕೆ ಪಡಬೇಕಿತ್ತು? ಆಗಲ್ಲ ಅಂದಿದ್ರೆ ಆಗಿತ್ತು. ನಿಮಗೇನು, ನಿಮ್ಮಪ್ಪನ ಮನೆ ಇದೆ."

"ಅಪ್ಪನ ಮುಂದೆ ನಾನ್ ಯಾವತ್ತಾದ್ರೂ ಕೂತಿದ್ದು ನೋಡಿದ್ದೀಯಾ?" ಎಂದರು. "ಆ ಮನೇಲಿ ನಾನ್ ನಿಂತೇ ದೊಡ್ಡವನಾದೋನು ಕಣಮ್ಮಿ. ಕುದ್ರೆಗೂ ಎದರ್ತೀನಿ, ಇಲ್ಲ ಅನ್ನಲ್ಲ. ಅಲ್ಲಿಗೋಗೋಕೆ ಅದಕ್ಕಿಂತ ಎದರ್ತೀನಿ."

ನಾನು ನೋಡಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಆ ಜಗಲಿಯ ಮೇಲೆ ಮಾವ ಕೂತಿರುವುದು, ಇವರು ಕಂಬದ ಪಕ್ಕದಲ್ಲಿ ನಿಂತಿರುವುದು, ಅಷ್ಟೇ ನನ್ನ ಕಣ್ಣಿಗೆ ಬಂತು. ಬಟ್ಟಲಿನಲ್ಲಿ ಉಳಿದ ಹರಳೆಣ್ಣೆಯನ್ನು ಮಂಡಿಯ ಗಾಯಕ್ಕೆ ಸವರಿದೆ.

ಬೆಳಿಗ್ಗೆ ಪಂಚೆಯ ಕಚ್ಚೆ ಬಿಗಿದು ಹತ್ತಿದರು. ಮಂಡಿ ಬಿಗಿಯಲು ಹೋದರೆ ಗಾಯ ಉರಿಯುತ್ತದೆ, ಹರಳೆಣ್ಣೆ ಜಾರುತ್ತದೆ, ಹಿಡಿತವೇ ಸಿಕ್ಕುವುದಿಲ್ಲ. ಎರಡು ಸಲ ನೋಡಿದರು. ಆಮೇಲೆ ಮುಖ ಬಿಳಿಚಿಕೊಂಡು ಮಂಡಿಯನ್ನು ಬಿಟ್ಟೇಬಿಟ್ಟರು. ಬಿದ್ದರು ಎಂದು ನಾನು ಕಣ್ಣು ಮುಚ್ಚಿದೆ. ತೆಗೆದಾಗ ಕಾಲು ಉದ್ದಕ್ಕೆ ಇಳಿದಿತ್ತು. ಭಾರವೆಲ್ಲ ಹಿಮ್ಮಡಿಗೆ ಹೋಗಿ, ಕಾಲಿಡುವ ರಿಕಾಪಿನಲ್ಲಿ ಹಿಮ್ಮಡಿ ತಗ್ಗಿ, ಮೀನಖಂಡ ಕುದುರೆಯ ಪಕ್ಕಕ್ಕೆ ಸುಮ್ಮನೆ ಒರಗಿತ್ತು. ಹೊಟ್ಟೆಗೆ ಏಟು ಬೀಳದಿದ್ದ ಕುದುರೆ ಸಮಾಧಾನವಾಗಿ ಸುತ್ತು ಹಾಕಿತು. ಹೊರಡುವಾಗ ಮುದುಕ ಸಿಕ್ಕಿಸಿದ್ದ ಎಲೆ ಇದ್ದಲ್ಲೇ ಇತ್ತು. ಅವನು ಅದನ್ನು ಎಳೆದು, ಎಣ್ಣೆ ಸಮೇತ ಬಾಯಿಗೆ ಹಾಕಿಕೊಂಡ. ನಾನು ಮುಖ ತಿರುಗಿಸಿದೆ.

ಕೆಲಸ ಕಾಯಂ ಆಯಿತು. ನಂಜನಗೂಡಿಗೆ ಬಂದ ದಿನ ಯಜಮಾನರು ಕುದುರೆ ಕಟ್ಟಿ, ಕೈಕಾಲನ್ನೂ ಸರಿಯಾಗಿ ತೊಳೆಯದೆ, ನೆಟ್ಟಗೆ ಅಡುಗೆಮನೆಗೆ ಬಂದು ಒಲೆಯ ಮುಂದೆ ಕಾಲು ಚಾಚಿ ಕೂತರು. ಮನೆಯೆಲ್ಲ ಲದ್ದಿ ನಾತ. ಕುದಿಯುತ್ತಿದ್ದ ಹುರುಳಿ ಸಾರಿನ ಘಮವೂ ಅದರಲ್ಲಿ ಮುಳುಗಿಹೋಯಿತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಮುದ್ದೆ ಬಡಿಸಿದೆ. ಏಳಿ ಎಂದು ಮಾತ್ರ ಹೇಳಲಿಲ್ಲ.